ಬೇಲಿಯಾಚೆಗೆ ದಾಟಿಸಿದ್ದು

"ಅಡ್ಡ ಮಲಗಿಸ್ಬೇಡ ಮಾರಾಯ! ಗ್ಯಾಸ್ ಹೋಗ್ತದೆ ಅಂತ ಅಂಗ್ಡಿಯವ್ನು ಹೇಳಿದಾನೆ. ನೆಟ್ಟಗೆ ಹಿಡಿ, ನೆಟ್ಟಗೆ!"

ರಾಜಪ್ಪ ಫ್ರಿಜ್ಜಿನ ಬುಡ ಹಿಡಿದುಕೊಂಡು ಕೂಗುತ್ತಿದ್ದ. ಮುಂದುಗಡೆ ಪಕ್ಕದ ಮನೆಯ ಲೈನ್‌ಮನ್ ರಾಜಕುಮಾರ್ ಬನಿಯನ್ನಿನಲ್ಲೇ ಅದರ ತಲೆ ತಬ್ಬಿಕೊಂಡು ಹಿಮ್ಮುಖವಾಗಿ ಹೆಜ್ಜೆ ಹಾಕುತ್ತಿದ್ದ. ಎರಡು ಮನೆಗಳ ನಡುವಿನ ಬೇಲಿಯ ದಾರಿಗೆ ಅಡ್ಡ ಹಾಕಿದ್ದ ಉಣುಗೋಲನ್ನು ರಾಜಪ್ಪನ ಹೆಂಡತಿ ಸುನಿತಾ ಆಗಲೇ ಸರಿಸಿ ನಿಂತಿದ್ದಳು. ಟಿವಿ ಬೆಳಿಗ್ಗೆ ಏಳಕ್ಕೇ ಹೊದಿಕೆ ಸುತ್ತಿಕೊಂಡು ಆಚೆ ಹೋಗಿತ್ತು. ಬೈಕು ರಾಜಕುಮಾರನ ಹುಲ್ಲು ಬಣವೆಯ ಹಿಂದೆ ನಿಂತಿತ್ತು. ಹತ್ತು ಗಂಟೆಗೆ ಮಗಳ ಹೈಸ್ಕೂಲಿನ ಮೇಡಂ ಮನೆಗೆ ಬರುವವರಿದ್ದರು. ಅಷ್ಟರೊಳಗೆ ರಾಜಪ್ಪನ ಮನೆ ಬಡವರ ಮನೆಯಾಗಬೇಕಿತ್ತು.

"ಮಿಕ್ಸಿನೂ ಕೊಟ್ಬಿಡ್ಲೇನ್ರೀ?" ಸುನಿತಾ ಕೇಳಿದಳು. ದನಿಯಲ್ಲಿ ಕೊಂಕಿತ್ತು.

"ಮಿಕ್ಸಿ ಇರ್ಲಿ. ಮಿಕ್ಸಿ ಈಗ ಎಲ್ಲಾರ ಮನೇಲೂ ಐತೆ. ಅದೂ ಇಲ್ಲ ಅಂದ್ರೆ ಅನುಮಾನ ಬರ್ತದೆ."

ಅನುಮಾನದ ವಿಷಯದಲ್ಲಿ ರಾಜಪ್ಪನಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ಹೊಸಬಾಳೆಯಲ್ಲಿ ಅವನು ನೀರುಗಂಟಿ; ಊರಿನ ನಲ್ಲಿಗಳಿಗೆ ಹೊತ್ತುಹೊತ್ತಿಗೆ ನೀರು ಬಿಡುವ ಕೆಲಸ. ಆ ನೆಪದಲ್ಲಿ ಪಂಚಾಯಿತಿ ಆಫೀಸಿಗೆ ದಿನಾ ಎಡತಾಕುವವನು. ಅಲ್ಲಿ ಅವನು ಕಲಿತ ಒಂದೇ ವಿದ್ಯೆ ಎಂದರೆ, ಕಾಗದ ಹೊರಡುವುದು ಒಂದು ಕಾರಣಕ್ಕೆ, ಹೋಗಿ ಮುಟ್ಟುವುದು ಇನ್ನೊಂದು ಕಡೆಗೆ. ದನ ಎಣಿಸಲು ಬಂದವರು ಬರೆದುಕೊಂಡ ಕಾಗದದಿಂದ ಯಾರದ್ದೋ ಬಿಪಿಎಲ್ ಕಾರ್ಡು ರದ್ದಾಗಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಕಂಡಿದ್ದನೋ, ಯಾರೋ ಹೇಳಿದ್ದನ್ನು ಕೇಳಿದ್ದನೋ, ಈಗ ಅವನಿಗೇ ನೆನಪಿಲ್ಲ. ಮಗಳಿಗೆ ಪೋಲಿಯೋ ಹನಿ ಹಾಕಿಸುವಾಗ ನರ್ಸಮ್ಮನ ಕೈಯಿಂದ ಸೀಸೆ ಇಸಿದುಕೊಂಡು ಅದರ ಮೇಲಿನ ಚೀಟಿ ಓದಿದ ಆಸಾಮಿ ಅವನು.

ಹಿಂದಿನ ಸಂಜೆ ಪೋಷಕರ ವಾಟ್ಸಾಪ್ ಗುಂಪಿಗೆ ಮೆಸೇಜು ಬಂದಿತ್ತು. 'ನಾಳೆ ಭಾನುವಾರ ಹೊಸಬಾಳೆಯ ಹತ್ತನೇ ತರಗತಿ ಮಕ್ಕಳ ಮನೆ ಭೇಟಿ. ಮಕ್ಕಳ ಓದು, ಆರೋಗ್ಯದ ಬಗ್ಗೆ ನಿಮ್ಮ ಜೊತೆ ಮಾತಾಡುತ್ತೇನೆ. ಇಶ್ರತ್, ವಿಜ್ಞಾನ ಶಿಕ್ಷಕಿ.' ಉಳಿದ ಅಪ್ಪ ಅಮ್ಮಂದಿರು ಕೈಮುಗಿಯುವ ಚಿತ್ರ ಒತ್ತಿ ಸುಮ್ಮನಾದರು. ರಾಜಪ್ಪ ಮಾತ್ರ ಅದನ್ನು ಮೂರು ಸಲ ಓದಿದ.

"ಶಿಕಾರಿಪುರದಿಂದ ಇಲ್ಲಿಗಂಟ, ರಜಾ ದಿನ, ಸ್ಕೂಟಿಗೆ ಸ್ವಂತ ಪೆಟ್ರೋಲ್ ಹಾಕ್ಕಂಡು ಬರ್ತಾರೆ ಅಂದ್ರೆ ಸುಮ್ನೆ ಬರ್ತಾರೇನೇ? ಓದಂತೆ, ಆರೋಗ್ಯ ಅಂತೆ! ಕೈಯಾಗೆ ಫಾರಂ ಇರ್ತದೆ ನೋಡ್ತಿರು. ಇಲ್ದಿದ್ರೆ ನನ್ನ ಹೆಸ್ರಿಡಿದು ಕರೀಬೇಡ," ಅಂದಿದ್ದ ಹೆಂಡತಿಗೆ. ಅವಳು ಯಾವತ್ತೂ ಅವನ ಹೆಸರು ಹಿಡಿದು ಕರೆದವಳಲ್ಲ.

ಫ್ರಿಜ್ಜು ಉಣುಗೋಲು ದಾಟಿತು. ಇನ್ನು ದಾಟಬೇಕಾದದ್ದು ರಾಜಪ್ಪನ ತಾಯಿ ಬಂಗಾರಮ್ಮ ಮಾತ್ರ. ಎರಡು ವರ್ಷದ ಹಿಂದೆ ಅವನು ತಾಯಿಗೆ ಬೇರೆಯೇ ರೇಷನ್ ಕಾರ್ಡು ಮಾಡಿಸಿದ್ದ. ಹಿತ್ತಲ ಹಳೇ ಸೌದೆ ಕೋಣೆಯನ್ನೇ ಅವಳ ಮನೆಯೆಂದು ತೋರಿಸಿ, ಬಾಗಿಲಿಗೆ ಸುಣ್ಣದಲ್ಲಿ ನಂಬರು ಬರೆಸಿದ್ದ. ಕಾಗದದ ಮೇಲೆ ಬಂಗಾರಮ್ಮ ಯಾರೂ ದಿಕ್ಕಿಲ್ಲದ ಒಂಟಿ ಮುದುಕಿ. ನಿಜದಲ್ಲಿ ಆ ಕೋಣೆಯಲ್ಲಿ ಕೋಳಿಗಳು ಕಾವು ಕೂರುತ್ತಿದ್ದವು. ಬಂಗಾರಮ್ಮ ನಡುಮನೆಯಲ್ಲಿ ಮೊಮ್ಮಗಳು ಸುಷ್ಮಿತಾಳ ಪಕ್ಕ ಹಾಸಿಗೆ ಹಾಸಿಕೊಂಡು ಮಲಗುತ್ತಿದ್ದಳು.

"ಅವ್ವಾ, ನೀನೂ ಒಂದ್ ಗಂಟೆ ರಾಜಕುಮಾರನ ಮನೇಲಿ ಕೂತಿರು."

"ನನ್ನೂ ಸಾಗಿಸ್ತೀಯೇನೋ? ಹಂಗಾರೆ ನೆಟ್ಟಗೆ ಹಿಡ್ಕಂಡ್ ಹೋಗ್ರಪ್ಪ, ನಂಗೂ ಗ್ಯಾಸ್ ಐತೆ!"

ರಾಜಕುಮಾರ್ ಗೊಳ್ಳನೆ ನಕ್ಕ. ರಾಜಪ್ಪನಿಗೆ ನಗು ಬರಲಿಲ್ಲ. ತಾಯಿಯನ್ನು ಹಿತ್ತಲ ಕೋಣೆಯಲ್ಲೇ ಕೂರಿಸಬಹುದಿತ್ತು, ಆದರೆ ಅವಳ ಬಾಯಲ್ಲಿ ಸುಳ್ಳು ನಿಲ್ಲುವುದಿಲ್ಲ. ಹಿಂದೊಮ್ಮೆ ಗಣತಿಯವರು ಬಂದಾಗ ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಕೊಟ್ಟು, ಮೇಲಿನ ಕೇರಿಯ ಅತ್ತೆ ಸೊಸೆ ಜಗಳವನ್ನೂ ಬರೆಸಿ ಕಳಿಸಿದ್ದಳು. ಈಗ ಎಲೆಯಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ಹೋಗುವ ಮುಂಚೆ, ಜಗಲಿಯಲ್ಲಿ ಪುಸ್ತಕ ಹಿಡಿದು ಕೂತಿದ್ದ ಮೊಮ್ಮಗಳ ಮುಖವನ್ನು ಒಂದು ಗಳಿಗೆ ನೋಡಿದಳು. ಸುಷ್ಮಿತಾ ತಲೆ ಎತ್ತಲಿಲ್ಲ.

ಇಶ್ರತ್ ಮೇಡಂ ಬಂದಾಗ ಹತ್ತೂವರೆ. ಮೂವತ್ತರ ಆಸುಪಾಸಿನ ಹೆಂಗಸು. ಬಿಸಿಲಿಗೆ ಮುಖ ಕೆಂಪಾಗಿತ್ತು. ಜಗಲಿಯ ಮೇಲೆ ಕೂತು ಬ್ಯಾಗಿನ ಜಿಪ್ಪು ಎಳೆದರು. ಮೊದಲು ಹೊರಬಂದದ್ದೇ ಫಾರಂ. ರಾಜಪ್ಪ ಹೆಂಡತಿಯ ಕಡೆ ತಿರುಗಿ ಹುಬ್ಬು ಹಾರಿಸಿದ.

"ಮನೇಲಿ ಎಷ್ಟು ಜನ ಇದೀರ್ರಿ?"

"ಮೂರೇ ಜನ ಮೇಡಂ. ನಾನು, ಇವ್ಳು, ಮಗ್ಳು."

"ಅಜ್ಜಿ ಅದಾರ ಅಂತಿದ್ಲಲ್ರಿ ಸುಷ್ಮಿತಾ?"

"ಅವ್ರು ಬೇರೆ ಇದಾರೆ." ರಾಜಪ್ಪ ಹಿತ್ತಲ ಕಡೆಗೆ ಕೈ ಬೀಸಿದ. ಕರೆಯಿರಿ ಅಂದುಬಿಟ್ಟಾರೆಂದು ಕೂಡಲೇ ಸೇರಿಸಿದ, "ಇವತ್ತು ಊರಾಗಿಲ್ಲ. ಉಳವಿಗೆ ಹೋಗಿದಾರೆ, ತಂಗಿ ಮನೆಗೆ."

ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ಸುಷ್ಮಿತಾ ಅಪ್ಪನನ್ನು ನೋಡಿ, ಆಮೇಲೆ ನೆಲ ನೋಡಿದಳು. ಮೇಡಂ ಬರೆದುಕೊಂಡರು. ಬರೆಯುವ ಪೆನ್ನಿನ ತುದಿಯಲ್ಲೇ ರಾಜಪ್ಪನ ಕಣ್ಣಿತ್ತು. ತಲೆಕೆಳಗಾಗಿ ಕಾಣುವ ಅಕ್ಷರವನ್ನೂ ಓದುವುದು ಅವನಿಗೆ ಪಂಚಾಯಿತಿಯಲ್ಲಿ ರೂಢಿಯಾಗಿತ್ತು.

"ಸುಷ್ಮಿತಾ ಯಾರ ಪಕ್ಕ ಮಲಗ್ತಾಳ್ರಿ?"

ರಾಜಪ್ಪನ ಕಿವಿ ನೆಟ್ಟಗಾಯಿತು. "ಅದನ್ನೆಲ್ಲ ಯಾಕೆ ಕೇಳ್ತೀರಿ? ಒಬ್ಳೇ ಮಲಗ್ತಾಳೆ. ಹತ್ತನೇ ಕ್ಲಾಸಿನ ಹುಡ್ಗಿ, ಅವ್ಳಿಗೇನ್ ಹೆದ್ರಿಕೆ?"

ಮೇಡಂ ಪೆನ್ನು ಕೆಳಗಿಟ್ಟರು. "ಸಿಟ್ಟಾಗಬ್ಯಾಡ್ರಿ ರಾಜಪ್ಪನವ್ರೆ. ವಿಷಯ ಹೇಳ್ತೀನಿ, ಕೇಳ್ರಿ. ಕ್ಲಾಸಿನಾಗ ಬರೀತಾ ಬರೀತಾ ಇವಳ ಪೆನ್ನು ನಿಂತ್ಬಿಡ್ತೈತಿ. ಕಣ್ಣು ಬಿಟ್ಟೇ ಇರ್ತಾಳ, ಕರೆದ್ರ ಕೇಳಿಸೋದಿಲ್ಲ. ಹತ್ತು ಹದಿನೈದು ಸೆಕೆಂಡು ಅಷ್ಟ. ಆಮೇಲೆ ಏನೂ ಆಗೇ ಇಲ್ಲ ಅನ್ನೋ ಹಂಗ ಮುಂದ ಬರೀತಾಳ. ನಡುವೆ ಹೇಳಿದ ಸಾಲು ನೋಟ್ಸಿನಾಗ ಇರೋದೇ ಇಲ್ಲ. ಮೊದಲು ಸೊಕ್ಕು ಅಂತ ನಾನೂ ಬೈದೀನಿ, ಸುಳ್ಳ್ಯಾಕ ಹೇಳಲಿ? ಈಗ ಅದು ಸೊಕ್ಕಲ್ಲ ಅನ್ನಿಸ್ತೈತಿ. ಬೆಳಿಗ್ಗೆ ಎದ್ದಾಗ ಕೈ ಜಿಗಿದಂಗಾಗಿ ಲೋಟ ಗೀಟ ಬೀಳಿಸ್ತಾಳೇನ್ರಿ? ನಿದ್ದೆಯಾಗ ಕೈಕಾಲು ಸೆಟೆಯೋದು ಏನಾರ?"

"ಲೋಟ ಬೀಳಿಸ್ತಾಳೆ ಮೇಡಂ," ಸುನಿತಾ ಬಾಯಿ ಹಾಕಿದಳು. "ಮೊನ್ನೆನೂ ಚಾ ಲೋಟ..."

"ಲೋಟ ಯಾರ ಮನೇಲಿ ಬೀಳಲ್ವೇ? ಒಳಗೆ ಹೋಗಿ ಚಾ ಇಡು, ಹೋಗು." ರಾಜಪ್ಪ ಗದರಿದ.

ಅವನ ತಲೆಯಲ್ಲಿ ಲೆಕ್ಕಾಚಾರ ಬೇರೆಯೇ ನಡೆದಿತ್ತು. ಬಿಪಿಎಲ್ ಕಾರ್ಡಿನ ವಿಷಯ ಇದಲ್ಲ, ಇದು ಅದಕ್ಕಿಂತ ದೊಡ್ಡ ಮಸಲತ್ತು. ಸುಷ್ಮಿತಾಗೆ ಈ ವರ್ಷದ ಎರಡೂ ಪರೀಕ್ಷೆಯಲ್ಲಿ ನಂಬರು ಕಡಿಮೆ ಬಂದಿತ್ತು. ಶಾಲೆಯವರಿಗೆ ನೂರಕ್ಕೆ ನೂರು ಫಲಿತಾಂಶ ಬೇಕು, ಬೋರ್ಡಿನ ಮೇಲೆ ಬರೆಸಬೇಕು. ಪಾಸಾಗುವುದು ಅನುಮಾನವಿರುವ ಮಕ್ಕಳಿಗೆ ಏನಾದರೊಂದು ಕಾಯಿಲೆಯ ಹೆಸರು ಹಚ್ಚಿ, ಈ ವರ್ಷ ಮನೆಯಲ್ಲೇ ಇಟ್ಟುಕೊಳ್ಳಿ ಅಂದರೆ ಆಯಿತು. ಎಂಥಾ ಬುದ್ಧಿ! ತಾನು ಇದನ್ನು ಇಷ್ಟು ಬೇಗ ಹಿಡಿದೆನಲ್ಲ ಎಂದು ಅವನಿಗೆ ಒಳಗೊಳಗೇ ಹಿಗ್ಗಾಯಿತು.

ಮೇಡಂ ಹೇಳುತ್ತಲೇ ಇದ್ದರು. ನಾಳೆ ಶಾಲೆಗೆ ಡಾಕ್ಟರು ಬರುತ್ತಾರೆ. ಬೇಕಾದರೆ ಶಿವಮೊಗ್ಗಕ್ಕೆ ಬರೆದುಕೊಡುತ್ತಾರೆ. ಇಂಥದ್ದು ಬಹಳ ಮಕ್ಕಳಿಗೆ ಮಾತ್ರೆಯಲ್ಲೇ ಹಿಡಿತಕ್ಕೆ ಬರುತ್ತದಂತೆ. ಡಾಕ್ಟರ ಸರ್ಟಿಫಿಕೇಟ್ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳಬಹುದು.

"ಸರ್ಟಿಫಿಕೇಟಾ?" ರಾಜಪ್ಪ ಕೇಳಿದ. ಹೆಣ್ಣು ಮಗು. ಒಂದು ಸಲ ಕಾಗದದಲ್ಲಿ ಬಿತ್ತೆಂದರೆ ನಾಳೆ ಗಂಡಿನ ಕಡೆಯವರ ಕಿವಿಗೆ ಮುಟ್ಟಲು ಎಷ್ಟು ಹೊತ್ತು?

"ಅದಿರಲಿ ಬಿಡ್ರಿ. ನಂಗೆ ಹೆದರಿಕೆ ಇರೋದು ಬೇರೆ. ದಿನಾ ಸೈಕಲ್ ಮ್ಯಾಲೆ ಕೆರೆ ಏರಿ ಹಿಡಿದು ಬರ್ತಾಳ. ಏರಿ ಮ್ಯಾಲೆ ಹಂಗಾತು ಅಂದ್ರ ಏನು ಗತಿ ಹೇಳ್ರಿ? ಯಂತ್ರದ ಪರೀಕ್ಷೆಗಿಂತ ಕಣ್ಣಾರೆ ನೋಡಿದವರ ಮಾತು ಮುಖ್ಯ ಅಂತ ಡಾಕ್ಟ್ರು ಹೇಳ್ಯಾರ. ಅದಕ್ಕ ಯಾರ ಪಕ್ಕ ಮಲಗ್ತಾಳ ಅಂತ ಕೇಳಿದ್ದು."

"ಮೇಡಂ, ನಮ್ಮ ವಂಶದಾಗೇ ಅಂಥದ್ದು ಯಾರಿಗೂ ಇಲ್ಲ. ಏನೂ ತೊಂದ್ರೆ ಇಲ್ಲ ಅಂತ ಬರ್ಕಳ್ಳಿ."

ಮೇಡಂ ಫಾರಮ್ಮನ್ನು ಅವನ ಕಡೆ ತಿರುಗಿಸಿದರು. "ಹಂಗಾರ ನೀವೇ ನಿಮ್ಮ ಕೈಯಾಗ ಬರೆದು ಸೈನ್ ಮಾಡಿಬಿಡ್ರಿ."

ರಾಜಪ್ಪ ಬರೆದ. 'ನನ್ನ ಮಗಳಿಗೆ ಆರೋಗ್ಯದ ತೊಂದರೆ ಏನೂ ಇಲ್ಲ.' ಕೆಳಗೆ ಪೂರ್ತಿ ಹೆಸರು, ತಾರೀಖು. ಬಾಗಿಲಲ್ಲಿ ನಿಂತಿದ್ದ ಮಗಳು ನಿಟ್ಟುಸಿರು ಬಿಟ್ಟದ್ದು ಅವನಿಗೆ ಕೇಳಿಸಿತು. ಅಪ್ಪ ತನ್ನ ಪರವಾಗಿ ನಿಂತನಲ್ಲ ಎಂದು ಅವಳಿಗೆ ಸಮಾಧಾನವಾಗಿರಬೇಕೆಂದುಕೊಂಡ.

ಚಾ ಕುಡಿದು ಏಳುವಾಗ ಮೇಡಂ ಕಣ್ಣು ಒಳಗಿನ ಗೋಡೆಯ ಮೇಲೆ ಬಿತ್ತು. ಅಲ್ಲಿ ಆಳೆತ್ತರಕ್ಕೆ ಬಣ್ಣ ಮಾಸದ ಒಂದು ಚೌಕ, ಪಕ್ಕದಲ್ಲಿ ಖಾಲಿ ಪ್ಲಗ್ಗು.

"ಫ್ರಿಜ್ ರಿಪೇರಿಗೆ ಹೋಗೈತೇನ್ರಿ?" ಎಂದು ಕೇಳಿದವರು, ಉತ್ತರಕ್ಕೆ ಕಾಯದೆ ನಕ್ಕುಬಿಟ್ಟರು. "ನಮ್ಮಪ್ಪಾನೂ ಹಿಂಗ ಮಾಡ್ತಿದ್ರು ಬಿಡ್ರಿ. ಟೇಲರ್ ಅವ್ರು. ಯಾರಾರ ಫಾರಂ ಹಿಡ್ಕೊಂಡು ಓಣಿಗೆ ಬಂದ್ರ ಹೊಸ ಮಷಿನ್ನು ಮಂಚದ ಕೆಳಗ ಹೋಗ್ತಿತ್ತು. ಇನ್ನೂ ಮೂರು ಮನೆ ಅದಾವ ನಂಗೆ. ಮುಗಿಸಿ ಬಸ್ ಸ್ಟ್ಯಾಂಡಿನಾಗ ಡಬ್ಬಿ ಉಂಡು ಹೋಗ್ತೀನಿ. ಏನಾರ ನೆನಪಾದ್ರ ಅಲ್ಲಿಗೆ ಬರ್ರಿ."

ರಾಜಪ್ಪ ಖಾಲಿ ಪ್ಲಗ್ಗಿಗೆ ಅಡ್ಡವಾಗಿ ಬಂದು ನಿಂತ. ನನಗೆಲ್ಲ ಗೊತ್ತಿದೆ ಅನ್ನುವುದನ್ನು ಹೀಗೆ ನಗುನಗುತ್ತಲೂ ಹೇಳಬಹುದು. ಸ್ಕೂಟಿ ತಿರುವು ದಾಟುವವರೆಗೂ ಅವನು ಅಂಗಳದಲ್ಲೇ ನಿಂತಿದ್ದ.

ಆದರೂ ಗೆದ್ದೆನೆಂಬ ಖುಷಿ ಹೋಗಿರಲಿಲ್ಲ. ಮಧ್ಯಾಹ್ನದ ನೀರು ಬಿಟ್ಟು ಬಂದವನೇ, ಅದನ್ನು ಹೇಳಿಕೊಳ್ಳಲು ಬೇಲಿ ದಾಟಿ ರಾಜಕುಮಾರನ ಮನೆಗೆ ಹೋದ. ರಾಜಕುಮಾರನದು ಸರ್ಕಾರಿ ನೌಕರಿ, ರದ್ದಾಗಲು ಬಿಪಿಎಲ್ ಕಾರ್ಡೇ ಇಲ್ಲ. ಹಾಗಾಗಿ ಇಂಥ ದಿನಗಳಲ್ಲಿ ಅವನ ನಡುಮನೆ ಕೇರಿಗೆಲ್ಲ ಗೋದಾಮು. ಎರಡು ಫ್ರಿಜ್ಜು ಅಕ್ಕಪಕ್ಕ ನಿಂತಿದ್ದವು. ಅವುಗಳ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಂಗಾರಮ್ಮ ಎಲೆಗೆ ಸುಣ್ಣ ಸವರುತ್ತ ಕೂತಿದ್ದಳು.

"ಏನ್ ಕೇಳಿದ್ರೋ ಮೇಡಮ್ಮೋರು?"

ರಾಜಪ್ಪ ಅಭಿನಯ ಸಮೇತ ಹೇಳಿದ. ಬರೆಯುತ್ತ ಪೆನ್ನು ನಿಲ್ಲುತ್ತದಂತೆ, ಕಣ್ಣು ಬಿಟ್ಟು ಕಂಬದ ಥರ ಕೂರುತ್ತಾಳಂತೆ, ಲೋಟ ಬೀಳಿಸುತ್ತಾಳಾ ಅಂತೆ. "ಫಿಟ್ಸು ಅಂತ ಕಟ್ಟಕ್ ನೋಡಿದ್ರು ಅವ್ವಾ. ನಾನು ಬಿಡ್ತೀನಾ?"

ಬಂಗಾರಮ್ಮನ ಬೆರಳು ಎಲೆಯ ಮೇಲೆ ನಿಂತಿತು. "ನೀ ಏನಂದೆ?"

"ಇಲ್ಲ ಅಂದೆ. ನನ್ನ ಕೈಯಾಗೇ ಬರ್ದು ಸೈನ್ ಹಾಕಿ ಕೊಟ್ಟೆ."

ಬಂಗಾರಮ್ಮ ಎಲೆಯನ್ನು ಮಡಚದೆ ಹಾಗೇ ಚೀಲದೊಳಗೆ ತುರುಕಿದಳು. "ಐತೆ ಕಣೋ," ಎಂದಳು.

"ಏನು ಐತೆ?"

"ಅವ್ರು ಕೇಳಿದ್ದೆಲ್ಲ ಐತೆ."

ರಾಜಕುಮಾರ್ ಏನೋ ನೆನಪಾದವನಂತೆ ಎದ್ದು ಹೊರಗೆ ಹೋದ. ಬಂಗಾರಮ್ಮ ಹೇಳಿದಳು. ದಸರಾ ಕಳೆದ ಮೇಲಿಂದ, ಬೆಳಿಗ್ಗೆ ಏಳುವ ಹೊತ್ತಿಗೆ, ಮೊದಲು ಸುಷ್ಮಿತಾಳ ಕೈ ಚಕ್ ಚಕ್ ಎನ್ನುತ್ತದೆ. ಎರಡು ಸಲ ಮೈಯೆಲ್ಲ ಸೆಟೆದು ಹಾಸಿಗೆಯಲ್ಲೇ ಉಚ್ಚೆ ಹೋಗಿತ್ತು. ಕಂಬಳಿಯನ್ನು ಬಂಗಾರಮ್ಮನೇ ಒಗೆದು ಹಾಕಿದ್ದಳು. ಆ ಹೊತ್ತಿಗೆ ಸುನಿತಾ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿರುತ್ತಾಳೆ, ರಾಜಪ್ಪ ನಲ್ಲಿಗೆ ನೀರು ಬಿಡಲು ಹೋಗಿರುತ್ತಾನೆ.

"ನಂಗೆ ಹೇಳಬಾರ್ದಾಗಿತ್ತಾ ಅವ್ವಾ?" ರಾಜಪ್ಪ ಕೇಳಿದ.

"ಹೆಂಗ್ ಹೇಳ್ಲೋ? ತನ್ನ ತಲೆ ಮೇಲೆ ನನ್ನ ಕೈ ಇಡಿಸ್ಕಂಡು ಆಣೆ ಮಾಡ್ಸಿದಾಳೆ. ಅಪ್ಪಂಗೆ ಗೊತ್ತಾದ್ರೆ ಶಾಲೆ ಬಿಡಿಸ್ತಾನೆ ಅಂತ ಗೋಳೋ ಅಂತ ಅತ್ಳು. ನಿನ್ ಮೇಲೆ ನಂಬಿಕೆ ಇಲ್ಲ ಕಣೋ ಆ ಕೂಸಿಗೆ."

ಊರಿನವರನ್ನೆಲ್ಲ, ಆಫೀಸಿನವರನ್ನೆಲ್ಲ ಅನುಮಾನದ ಕಣ್ಣಲ್ಲೇ ನೋಡಿಕೊಂಡು ಬಂದವನು ರಾಜಪ್ಪ. ತನ್ನನ್ನೇ ಹಾಗೆ ನೋಡುವವರು ಇರಬಹುದು, ಅದೂ ತನ್ನ ಮನೆಯೊಳಗೇ, ತಾನು ಎತ್ತಿ ಆಡಿಸಿದ ಹುಡುಗಿಯೇ ತಾನು ಬರುವ ಸದ್ದಿಗೆ ಮಾತು ಬದಲಿಸುತ್ತಿರಬಹುದು ಎಂದು ಅವನಿಗೆ ಯಾವತ್ತೂ ಹೊಳೆದಿರಲಿಲ್ಲ. ಅವನಿಗೆ ತುಂಬ ನೋವಾಯಿತು. ತಾಯಿಯ ಮೇಲೆ ಸಿಟ್ಟು ಮಾಡೋಣವೆಂದರೆ ಸಿಟ್ಟೂ ಬರಲಿಲ್ಲ.

ಮನೆಗೆ ಬಂದ. ಬಂಗಾರಮ್ಮನೂ ಹಿಂದೆಯೇ ಬಂದಳು. ಸುಷ್ಮಿತಾ ಜಗಲಿಯ ಮೇಲೆ ಕೂತು ವಿಜ್ಞಾನದ ನೋಟ್‌ಬುಕ್ಕಿನಲ್ಲಿ ಹೃದಯದ ಚಿತ್ರದ ಭಾಗಗಳಿಗೆ ಹೆಸರು ಬರೆಯುತ್ತಿದ್ದಳು.

"ಸುಷ್ಮಿ," ಎಂದ.

ಉತ್ತರವಿಲ್ಲ. ಪೆನ್ನು ಹಾಳೆಯ ಮೇಲೆ ನಿಂತಿತ್ತು. ನಿನ್ನೆಯಾಗಿದ್ದರೆ ಕಿವಿ ಕೇಳಲ್ವೇನೇ ಎಂದು ಗದರಿ ಒಳಗೆ ಹೋಗುತ್ತಿದ್ದ. ಎಷ್ಟೋ ಸಲ ಹಾಗೇ ಹೋಗಿದ್ದ. ಇವತ್ತು ಬಗ್ಗಿ ಮುಖ ನೋಡಿದ. ಕಣ್ಣು ತೆರೆದಿತ್ತು, ರೆಪ್ಪೆ ಸಣ್ಣಗೆ ಅದುರುತ್ತಿತ್ತು. ಅವಳು ಅವನನ್ನೇ ನೋಡುತ್ತಿದ್ದಂತಿತ್ತು, ಆದರೆ ನೋಡುತ್ತಿರಲಿಲ್ಲ. ದಿನಾ ಬೆಳಿಗ್ಗೆ ಈ ಹುಡುಗಿಯನ್ನು ಸೈಕಲ್ ಹತ್ತಿಸಿ, ಒಂದು ಮಗ್ಗುಲಿಗೆ ನೀರು ತುಂಬಿದ ಏರಿಯ ಮೇಲೆ ಕಳಿಸುತ್ತಿದ್ದೆನಲ್ಲ ದೇವರೇ ಎಂದುಕೊಂಡ. ಮೂರು ನಾಲ್ಕು ಉಸಿರಿನಷ್ಟು ಹೊತ್ತು. ಆಮೇಲೆ ಪೆನ್ನು ಮುಂದಕ್ಕೆ ಹೋಯಿತು, ಅರ್ಧ ಬರೆದ ಪದ ಪೂರ್ತಿಯಾಯಿತು.

"ಏನಪ್ಪಾ?" ತಲೆಯೆತ್ತಿದ ಸುಷ್ಮಿತಾ ಅವನ ಮುಖ ಕಂಡು ಹೆದರಿದಳು. ಹಿಂದೆ ನಿಂತ ಅಜ್ಜಿಯನ್ನು ನೋಡಿದಳು. "ಅಜ್ಜೀ! ಹೇಳಿಬಿಟ್ಟೆಯಾ?"

ಬಂಗಾರಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

"ಶಾಲೆ ಬಿಡಿಸ್ತೀಯಾ ಅಪ್ಪಾ?"

"ನಾನ್ಯಾಕೆ ಬಿಡಿಸ್ಲಿ? ನಾನು ಯಾವತ್ತಾದ್ರೂ ಹಂಗಂದಿದೀನೇನೇ?"

"ಅಂದಿದೀಯ. ಉಡುತಡಿ ಮದುವೇಲಿ ಒಂದು ಹುಡುಗಿ ಊಟಕ್ಕೆ ಕೂತಲ್ಲೇ ಫಿಟ್ಸ್ ಬಂದು ಬಿದ್ದಾಗ. 'ಇಂಥವ್ರನ್ನ ಶಾಲೆಗೆ ಯಾಕೆ ಕಳಿಸ್ತಾರೆ, ಮನೇಲಿಟ್ಕಂಡು ನೋಡ್ಕಬೇಕಪ್ಪ' ಅಂತ ನೀನೇ ಎಲ್ಲರ ಮುಂದೆ ಅಂದೆ."

ಅಂದಿದ್ದ. ಕೈಯಲ್ಲಿ ಹೋಳಿಗೆ ಹಿಡಿದುಕೊಂಡು, ಪಂಕ್ತಿಯ ತುಂಬ ಕೇಳುವಂತೆ ಅಂದಿದ್ದ. ಅದು ತಲೆಯಲ್ಲಿ ಒಂದು ದಿನವೂ ಉಳಿದಿರಲಿಲ್ಲ. ಮಗಳು ಅದನ್ನು ಮೂರು ತಿಂಗಳು ಇಟ್ಟುಕೊಂಡಿದ್ದಳು.

ರಾಜಪ್ಪ ಚಪ್ಪಲಿ ಮೆಟ್ಟಿದ. "ಬಸ್ ಸ್ಟ್ಯಾಂಡಿಗೆ ಹೋಗಿ ಬರ್ತೀನಿ. ಮೇಡಂ ಅಲ್ಲೇ ಇರ್ತಾರೆ." ಎರಡು ಹೆಜ್ಜೆ ಇಟ್ಟವನು ನಿಂತ. ತಾಯಿ ಹೊರಟು ನಿಂತದ್ದು ಕಂಡಿತು. "ಅವ್ವಾ, ನೀನು ಬೇಡ. ನಾನೇ ಹೇಳಿ ಬರ್ತೀನಿ." ಇಷ್ಟೆಲ್ಲ ಆದ ಮೇಲೂ, ನಾಚಿಕೆ ಬಿಟ್ಟು ಹೇಳಬೇಕೆಂದರೆ, ಆ ಗಳಿಗೆಯಲ್ಲೂ ಅವನಿಗೆ ರೇಷನ್ ಕಾರ್ಡಿನ ನೆನಪೇ ಬಂದಿತ್ತು. ಉಳವಿಗೆ ಹೋದ ಮುದುಕಿ ಮಧ್ಯಾಹ್ನಕ್ಕೇ ಹೊಸಬಾಳೆಯಲ್ಲಿ ಪ್ರತ್ಯಕ್ಷವಾದರೆ ಏನು ಹೇಳುವುದು?

"ನೀ ಏನ್ ಹೇಳ್ತೀಯ?" ಬಂಗಾರಮ್ಮ ಕೇಳಿದಳು. "ನೀ ನೋಡಿದೀಯಾ? ಕೈ ಯಾವ ಕಡೆ ಸೆಟೀತದೆ ಹೇಳು ನೋಡಾನ. ಎಡಗೈಯೋ ಬಲಗೈಯೋ?"

ರಾಜಪ್ಪ ಮಗಳ ಎರಡೂ ಕೈಗಳನ್ನು ನೋಡಿದ.

"ಕಾರ್ಡು ಹೋದ್ರೆ ಹೋಗ್ಲಿ ಬಿಡ್ರೀ," ಒಳಗಿನಿಂದ ಸುನಿತಾ ಹೇಳಿದಳು. ಅವಳು ಅಳುತ್ತಿದ್ದಳು. "ಕರ್ಕಂಡು ಹೋಗ್ರಿ ಅವ್ರನ್ನ. ಇವ್ಳನ್ನೂ ಕರ್ಕಂಡ್ ಹೋಗ್ರಿ."

ಬಸ್ ಸ್ಟ್ಯಾಂಡೆಂದರೆ ಊರ ಮುಂದೆ ಸಿಮೆಂಟು ಕಟ್ಟೆಯ ಒಂದು ತಂಗುದಾಣ. ಇಶ್ರತ್ ಮೇಡಂ ಡಬ್ಬಿ ಮುಚ್ಚಿ ಕೈ ತೊಳೆದುಕೊಳ್ಳುತ್ತಿದ್ದರು. ತಾಯಿಯನ್ನೂ ಮಗಳನ್ನೂ ಹಿಂದಿಟ್ಟುಕೊಂಡು ರಾಜಪ್ಪ ದಾಪುಗಾಲು ಹಾಕಿ ಬರುವುದನ್ನು ಕಂಡವರೇ ಫಾರಂ ಇದ್ದ ಫೈಲನ್ನು ಎತ್ತಿ ಎದೆಗೆ ಅವುಚಿಕೊಂಡರು. ಅವರ ಮುಖದಲ್ಲಿ ಹೆದರಿಕೆ ಇತ್ತು. ಇವತ್ತಿನ ನಾಲ್ಕು ಮನೆಯಲ್ಲಿ ಇವರನ್ನು ಎಷ್ಟು ಜನ ಅನುಮಾನಿಸಿದರೋ, ಯಾರು ಏನಂದರೋ ಎಂದು ರಾಜಪ್ಪನಿಗೆ ಅನ್ನಿಸಿತು.

"ಏನ್ರಿ ರಾಜಪ್ಪನವ್ರೆ? ಏನಾತು?"

"ಆ ಕಾಗದ ತೆಗೀರಿ ಮೇಡಂ. ಅದ್ರಾಗೆ ನಾನು ಬರ್ದಿದ್ದು ಸುಳ್ಳು. ಇವ್ರು ನಮ್ಮವ್ವ. ಉಳವಿಗೆ ಹೋಗಿರ್ಲಿಲ್ಲ. ನಮ್ಮನೇಲೇ ಇರೋದು, ನನ್ ಮಗಳ ಪಕ್ಕಾನೇ ಮಲಗೋದು. ಹಂಗೇ ಬರ್ಕಳ್ರಿ."

ಮೇಡಂ ಅವನನ್ನು ನೋಡಿದರು, ಬಂಗಾರಮ್ಮನನ್ನು ನೋಡಿದರು. "ಇದು ಡಾಕ್ಟ್ರು ಬಿಟ್ರ ಯಾರ ಕೈಗೂ ಹೋಗೋದಿಲ್ರಿ," ಎಂದರು ಮೆಲ್ಲಗೆ. ರಾಜಪ್ಪನಿಗೆ ನಂಬಿಕೆ ಬಂತೆಂದು ಹೇಳಲಾಗದು. ಅಷ್ಟು ಬೇಗ ಬರುವ ಆಸಾಮಿಯೇ ಅಲ್ಲ. ಆದರೂ ತಲೆಯಾಡಿಸಿದ.

ಮೇಡಂ ಹೊಸ ಹಾಳೆ ತೆಗೆದರು. "ಹೇಳ್ರಿ ಅಜ್ಜಿ. ಹೆಂಗಾಗ್ತೈತಿ?"

"ಬಾಯಲ್ಲಿ ಹೆಂಗ್ ಹೇಳ್ಲಿ ತಾಯಿ? ತೋರಿಸ್ತೀನಿ ನೋಡಿ." ಬಂಗಾರಮ್ಮ ಮಗನ ಕಡೆ ತಿರುಗಿದಳು. "ಮಲಗೋ ಇಲ್ಲಿ."

"ಅವ್ವಾ, ಇಲ್ಲೆಲ್ಲ..."

"ಮಲಗೋ ಅಂದ್ರೆ!"

ನೀರುಗಂಟಿ ರಾಜಪ್ಪ, ಊರ ಮುಂದಿನ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ, ಮಟಮಟ ಮಧ್ಯಾಹ್ನ ಅಂಗಾತ ಮಲಗಿದ. ಬಂಗಾರಮ್ಮ ಅವನ ಬಲಗೈ ಹಿಡಿದು ಎರಡು ಸಲ ಜಗ್ಗಿದಳು. "ಮೊದ್ಲು ಹಿಂಗೆ. ಬಲಗೈ. ಆಮೇಲೆ ಕುತ್ತಿಗೆ ಹಿಂಗೆ ತಿರುಗ್ತದೆ." ಅವನ ಗಲ್ಲ ಹಿಡಿದು ಒಂದು ಪಕ್ಕಕ್ಕೆ ಹೊರಳಿಸಿದಳು. "ಕಣ್ಣು ಮೇಲೆ ಹೋಗ್ತಾವೆ. ಆಮೇಲೆ ಎರಡೂ ಕೈ, ಎರಡೂ ಕಾಲು." ಮುದುಕಿ ತನ್ನ ಬಲವೆಲ್ಲ ಹಾಕಿ ಮಗನ ಮೈಯನ್ನು ಗಡಗಡ ಅಲ್ಲಾಡಿಸಿದಳು. ಅವಳಿಗೆ ಏದುಸಿರು ಬಂತು. ಮೇಡಂ ಬೇಗ ಬೇಗ ಬರೆದುಕೊಳ್ಳುತ್ತಿದ್ದರು. ಸುಷ್ಮಿತಾ ಒಂದೊಂದೇ ಹೆಜ್ಜೆ ಮುಂದೆ ಬಂದಳು.

"ಹಿಂಗಾ ಅಜ್ಜಿ?" ಅವಳು ಪಿಸುಗುಟ್ಟಿದಳು. "ನಾನು ಹಿಂಗಾ ಆಡೋದು?"

"ತಡಿ, ಮುಗಿದಿಲ್ಲ." ಬಂಗಾರಮ್ಮ ಮಗನನ್ನು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ತನ್ನ ಅಂಗೈ ಕೊಟ್ಟಳು. ಸೆರಗಿನ ತುದಿಯಿಂದ ಅವನ ಬಾಯಿ ಒರೆಸಿದಳು. "ನಾನು ಹಿಂಗೆ ಹಿಡ್ಕಂತೀನಿ. ಇಲ್ಲೇ ಇದೀನಿ ಕೂಸೇ, ಇಲ್ಲೇ ಇದೀನಿ ಅಂತೀನಿ. ಕೇಳಿಸ್ತದೋ ಇಲ್ವೋ."

ಅಷ್ಟರಲ್ಲಿ ಸೊರಬದ ಕಡೆಯಿಂದ ಬಸ್ಸು ಬಂದು ನಿಂತಿತು. ಕಿಟಕಿಗಳಲ್ಲಿ ತಲೆಗಳು ಕಾಣಿಸಿಕೊಂಡವು. ಕಂಡಕ್ಟರ್ ಬಾಗಿಲಲ್ಲಿ ಬಗ್ಗಿ ನೋಡಿದ. "ಏನಾಯ್ತೇ ಪಾಪ ನಿಮ್ಮಪ್ಪಂಗೆ?"

ಕಣ್ಣು ಮುಚ್ಚಿಕೊಂಡಿದ್ದ ರಾಜಪ್ಪನಿಗೆ ಎಲ್ಲ ಕೇಳಿಸುತ್ತಿತ್ತು.

"ಅಪ್ಪಂಗೇನಿಲ್ಲ," ಸುಷ್ಮಿತಾ ಗಟ್ಟಿಯಾಗಿ ಹೇಳಿದಳು. "ಇದು ನಂಗಾಗೋದು."

ಬಸ್ಸು ಹೊರಟು, ಅದರ ಧೂಳು ಕಟ್ಟೆಯ ಮೇಲೆಲ್ಲ ಬಂದು ಕೂತಿತು. "ಆಮೇಲೇನಾಗ್ತೈತಿ ಅಜ್ಜಿ?" ಮೇಡಂ ಕೇಳಿದರು.

"ಆಮೇಲೆ ಅರ್ಧ ಗಂಟೆ ನಿದ್ದೆ ಮಾಡ್ತಾಳೆ. ಏಳಿಸ್ಬಾರ್ದು."

ಮೇಡಂ ಅದನ್ನೂ ಬರೆದುಕೊಂಡರು. ಸುಷ್ಮಿತಾ ಕಟ್ಟೆಯ ಅಂಚಿಗೆ, ಅಪ್ಪನ ತಲೆಯ ಹತ್ತಿರ ಕೂತಳು. ರಾಜಪ್ಪ ತಾಯಿಯ ಅಂಗೈ ಮೇಲೆ ಕೆನ್ನೆಯಿಟ್ಟು, ಅಲುಗಾಡದೆ ಮಲಗಿಯೇ ಇದ್ದ.